ಬೂಬಣ್ಣನ ಗಲ್ಲಾ

"ಏಳಬೇಡ! ನಾನು ಬರುವವರೆಗೆ ಅಲ್ಲಿಂದ ಏಳಬೇಡ ಅಂತ ಹೇಳಿದ್ದೇನೆ!"

ಬಚ್ಚಲಿನ ಬಾಗಿಲ ಹಿಂದಿನಿಂದ ಬೂಬಣ್ಣ ಕೂಗಿದ. ಮೈತುಂಬ ಸೋಪಿನ ನೊರೆ ಇದ್ದರೂ ಅವನ ಜೀವವೆಲ್ಲ ಹೊರಗೆ ಮೇಜಿನ ಮೇಲಿದ್ದ ಫೋನಿನಲ್ಲೇ ಇತ್ತು. ಫೋನಿನ ಮುಂದೆ ಅವನ ಹೆಂಡತಿ ವಿಮಲಾ ಕೂತಿದ್ದಳು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಬಲಗೈಗೆ ಪತ್ರೊಡೆಯ ಹಿಟ್ಟು ಮೆತ್ತಿಕೊಂಡಿದ್ದರಿಂದ ಎಡಗೈಯ ಕಿರುಬೆರಳಿನ ಗೆಣ್ಣಿನಿಂದ ಪರದೆಯ ಮೇಲಿನ ಒಂದು ಇಸ್ಪೀಟಿನ ಎಲೆಯನ್ನು ಒತ್ತಿ ಎಸೆದಳು.

"ಗಂಜಿ ಉಕ್ಕುತ್ತಾ ಉಂಟು!" ಎಂದು ಅವಳೂ ಕೂಗಿದಳು.

"ಉಕ್ಕಲಿ. ಒಲೆ ಆಮೇಲೆ ಒರೆಸಿದ್ರೆ ಆಯ್ತು. ಗಲ್ಲಾ ಖಾಲಿ ಬಿಡ್ಲಿಕ್ಕಾಗುದಿಲ್ಲ."

ಗಂಜಿ ಉಕ್ಕಿತು, ಒಲೆ ಆರಿತು, ಮನೆಯೆಲ್ಲ ಸೀದ ಅನ್ನದ ವಾಸನೆ ಹಬ್ಬಿತು. ವಿಮಲಾ ಏಳಲಿಲ್ಲ.

ಗಲ್ಲಾ ಅಂದರೆ ಹೋಟೆಲಿನವರ ಬಾಯಲ್ಲಿ ದುಡ್ಡು ತೆಗೆದುಕೊಳ್ಳುವ ಕಟ್ಟೆ. ಠಾಣೆ ಎಂಬ ಊರಿನ ರೈಲು ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಬೂಬಣ್ಣ ಮೂವತ್ನಾಲ್ಕು ವರ್ಷ ಗಲ್ಲಾದಲ್ಲಿ ಕೂತವನು. ಅಲ್ಲಿಯ ಕಾನೂನು ಎರಡೇ. ಕೂತವನು ಏಳಬೇಕಾದರೆ ಮೊದಲು ಇನ್ನೊಬ್ಬ ಬಂದು ಕೂರಬೇಕು, ಗಲ್ಲಾ ಒಂದು ನಿಮಿಷವೂ ಖಾಲಿ ಇರಬಾರದು. ಮತ್ತೆ, ನಡುವೆ ಯಾರೇ ಬಂದು ಕೂತೆದ್ದರೂ ಗಲ್ಲಾ ಬೂಬಣ್ಣನದೇ. ಕೆಲಸ ಬಿಟ್ಟು ಎರಡು ವರ್ಷವಾಗಿದ್ದರೂ ವರ್ತಕ ನಗರದ ಎರಡನೇ ಮಾಳಿಗೆಯ ಆ ಮನೆಯಲ್ಲಿ ಎರಡೂ ಕಾನೂನು ಕಲ್ಲಿನ ಹಾಗೆ ನಿಂತಿದ್ದವು.

ಮಗ ಜಯೇಶ್ ತನ್ನ ಹಳೆಯ ಫೋನನ್ನು ಅಪ್ಪನಿಗೆ ಕೊಟ್ಟಿದ್ದ. ಎರಡು ಸಾವಿರದ ಹದಿನೇಳರ ಆ ಮಳೆಗಾಲದಲ್ಲಿ ಇಂಟರ್ನೆಟ್ಟು ಕಡಲೆಪುರಿಗಿಂತ ಸೋವಿಯಾಗಿತ್ತು. ಬೂಬಣ್ಣ 'ಪತ್ತಾ ಮೈದಾನ' ಎಂಬ ರಮ್ಮಿ ಆಟಕ್ಕೆ ಬಿದ್ದ. ಅದರಲ್ಲಿ ಶ್ರಾವಣ ಲೀಗ್ ಎಂದು ಒಂದು ಶುರುವಾಗಿತ್ತು. ದುಡ್ಡು ಕಟ್ಟುವ ಹಾಗಿಲ್ಲ, ಬರೀ ಪಾಯಿಂಟು. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ತಿಂಗಳ ಕೊನೆಗೆ ಠಾಣೆ ಜಿಲ್ಲೆಯಲ್ಲಿ ಮೊದಲು ಬಂದವರಿಗೆ ಒಂದು ಸ್ಕೂಟರ್.

ಬೂಬಣ್ಣ ಮನೆಯವರಿಗೆ ಪಾಳಿ ಹಾಕಿಕೊಟ್ಟ. ಬೆಳಿಗ್ಗೆ ಆರರಿಂದ ಹತ್ತೂವರೆ ಅವನದು, ನಡುವೆ ಸ್ನಾನಕ್ಕೆ ಎದ್ದರೆ ವಿಮಲಾ ಕೂರಬೇಕು. ಹತ್ತೂವರೆಯಿಂದ ನಾಲ್ಕರವರೆಗೆ, ಅವನು ತಿರುಗಾಟ, ಊಟ, ನಿದ್ದೆ ಮುಗಿಸುವ ತನಕ, ವಿಮಲಾಳದು. ಸಂಜೆ ಮತ್ತೆ ಅವನು. ಮುಲುಂಡಿನ ಹೋಟೆಲಿನಲ್ಲಿ ವೇಟರುಗಳ ಮೇಲಿನ ಕ್ಯಾಪ್ಟನ್ ಆಗಿದ್ದ ಜಯೇಶ್ ಕೆಲಸ ಮುಗಿಸಿ ಬಂದ ಮೇಲೆ ಉಳಿದದ್ದು. ಯಾರು ಆಡಿದರೂ ಪಟ್ಟಿಯಲ್ಲಿ ಹೆಸರು ಒಂದೇ, ಬೂಬ ಪೂಜಾರಿ.

"ನನಗೆ ಅಡುಗೆ ಇಲ್ವಾ? ಬಟ್ಟೆ ಇಲ್ವಾ?" ಎಂದು ವಿಮಲಾ ಮೊದಲ ದಿನವೇ ಜಗಳ ತೆಗೆದಿದ್ದಳು.

"ಎಲೆ ತೆಗೆ, ಎಲೆ ಬಿಸಾಡು. ಅದಕ್ಕೆ ಎಂತ ಕಷ್ಟ? ನಿನ್ನನ್ನು ಗೆಲ್ಲು ಅಂತ ಯಾರು ಹೇಳಿದ್ದು?"

ಮೊದಲ ವಾರ ಅವಳು ಹಾಗೆಯೇ ಮಾಡಿದಳು. ಸೊಪ್ಪು ಸೋಸುತ್ತ ಎಲೆ ಎಸೆದಳು, ತೆಂಗಿನಕಾಯಿ ತುರಿಯುತ್ತ ಎಲೆ ಎಸೆದಳು. ಬೂಬಣ್ಣನ ಹೆಸರು ಪಟ್ಟಿಯಲ್ಲಿ ನಲವತ್ತರ ಸುತ್ತ ತೂಕಡಿಸುತ್ತಿತ್ತು.

ಮಗಳು ನಿಶ್ಮಿತಾ ಐರೋಲಿಯ ಒಂದು ಕಂಪನಿಯಲ್ಲಿ ಗಿರಾಕಿಗಳ ದೂರಿಗೆ ಚಾಟ್‌ನಲ್ಲಿ ಉತ್ತರ ಬರೆಯುವ ಕೆಲಸಕ್ಕಿದ್ದಳು. ಬೆಳಿಗ್ಗೆ ಶೇರ್ ಆಟೊ ಹಿಡಿದು ಸ್ಟೇಷನ್ನು, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಲೋಕಲ್ ರೈಲು, ಇಳಿದ ಮೇಲೆ ಮತ್ತೊಂದು ಆಟೊ. ಎರಡನೇ ವಾರದ ಸೋಮವಾರ ಅವಳು ಕುಂಟುತ್ತ ಮನೆಗೆ ಬಂದಳು. ಹಿಂದೆ ಮೂವರು ತುಂಬಿದ್ದ ಆಟೊದಲ್ಲಿ ಡ್ರೈವರಿನ ಪಕ್ಕ ನಾಲ್ಕನೆಯವಳಾಗಿ ಕೂತಿದ್ದಳಂತೆ. ಹೊಂಡಕ್ಕೆ ಹಾರಿದಾಗ ಅರ್ಧ ಮೈ ಹೊರಗೆ ಬಿದ್ದಿತ್ತು. ಮೊಣಕಾಲಿನ ಸಿಪ್ಪೆ ಎದ್ದು ರಕ್ತ ಸೋರುತ್ತಿತ್ತು.

"ಹಿಂದಿನಿಂದ ಬಸ್ ಬರ್ತಾ ಇತ್ತು, ಅಮ್ಮ," ಎಂದಳು ನಿಶ್ಮಿತಾ. "ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ. ನಹೀ ತೋ ಇವತ್ತು ನಾನು ಇಲ್ಲ."

ವಿಮಲಾ ಗಾಯಕ್ಕೆ ಅರಸಿನ ಮೆತ್ತಿದಳು. ಎಷ್ಟು ಹೆದರಿದಳೆಂದರೆ ಅವಳಿಗೆ ಮಗಳ ಮೇಲೆಯೇ ಸಿಟ್ಟು ಬಂತು. "ಮುಂದೆ ಯಾಕೆ ಕೂತದ್ದು? ಬೇರೆ ಆಟೊ ಸಿಗುದಿಲ್ವಾ?"

"ಅರ್ಧ ಗಂಟೆ ಲೈನ್ ಉಂಟು ಅಮ್ಮ! ಲೇಟ್ ಆದ್ರೆ ಅರ್ಧ ದಿನ ಕಟ್. ನೀನು ಬಂದು ನಿಂತು ನೋಡು."

"ಪಪ್ಪಾ, ಒಂದು ಸ್ಕೂಟರ್ ಇದ್ದಿದ್ದರೆ..." ಎಂದಳು ಆಮೇಲೆ. ಬೂಬಣ್ಣ ಫೋನಿನಿಂದ ಕಣ್ಣೆತ್ತದೆ, "ಆಡ್ತಾ ಇದ್ದೇನಲ್ಲ, ಬರ್ತದೆ," ಎಂದ. ಹಾಗೆಂದ ಕ್ಷಣವೇ ಎಂಬತ್ತು ಪಾಯಿಂಟು ಸೋತ.

ಮರುದಿನದಿಂದ ವಿಮಲಾ ಸೊಪ್ಪು ಸೋಸುತ್ತ ಆಡುವುದನ್ನು ಬಿಟ್ಟಳು. ಅಡುಗೆಯನ್ನು ಹತ್ತು ಗಂಟೆಯೊಳಗೆ ಮುಗಿಸಿ, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಬೆನ್ನಿಗೆ ದಿಂಬು ಕೊಟ್ಟು ಕೂತಳು. ಬೂಬಣ್ಣನಿಗೆ ಗೊತ್ತಿಲ್ಲದ, ಗೊತ್ತು ಮಾಡಿಕೊಳ್ಳಬೇಕೆಂದು ಎಂದೂ ಅನ್ನಿಸದ ಒಂದು ಸಂಗತಿ ಇತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಡೊಂಬಿವಿಲಿಯ ಒಂದು ಸಾಲುಮನೆಗಳ ಚಾಳಿನಲ್ಲಿ ಎಂಟು ವರ್ಷ ಇದ್ದರು. ಅಲ್ಲಿ ನಳದ ನೀರು ಮಧ್ಯಾಹ್ನ ಮೂರಕ್ಕೆ ಬರುತ್ತಿತ್ತು. ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ ಹೆಂಗಸರು ಕೊಡ ಸಾಲಿಗಿಟ್ಟು, ನೀರು ಬರುವವರೆಗೆ ಮೊಗಸಾಲೆಯಲ್ಲಿ ರಮ್ಮಿಗೆ ಕೂರುತ್ತಿದ್ದರು. ಪಣಕ್ಕೆ ಹಳೆಯ ಅಂಗಿಗಳ ಗುಂಡಿ. ಆ ಚಾಳು ಬಿಟ್ಟು ಬರುವಾಗ ವಿಮಲಾಳ ಬಳಿ ಒಂದು ಹಾರ್ಲಿಕ್ಸ್ ಬಾಟ್ಲಿ ತುಂಬ ಗುಂಡಿಗಳಿದ್ದವು. ಈಗಲೂ ಅದು ಹೊಲಿಗೆ ಮೆಷಿನ್ನಿನ ಕೆಳಗಿದೆ. ಗಂಡನ ಅಂಗಿಗೆ ಅವಳು ಹೊಲಿದು ಕೊಡುತ್ತಿದ್ದದ್ದೆಲ್ಲ ಗೆದ್ದ ಗುಂಡಿಯೇ.

ನಾಲ್ಕು ದಿನದಲ್ಲಿ ಹೆಸರು ಹನ್ನೊಂದಕ್ಕೆ ಏರಿತು. ವಾರ ಮುಗಿಯುವಾಗ ಮೂರಕ್ಕೆ ಬಂತು.

ಆ ಭಾನುವಾರ ಮುರಾರಿ ಊಟಕ್ಕೆ ಬಂದ. ಅವನು ಬೂಬಣ್ಣನ ಜೊತೆ ಹೋಟೆಲಿನಲ್ಲಿದ್ದವನು, ಈಗ ವರ್ತಕ ನಗರದ ಊರಿನವರ ಸಂಘದಲ್ಲಿ ಇಬ್ಬರೂ ಜೊತೆ. ಮಳೆಗಾಲದ ತಡೆ ಮುಗಿದು ಮೀನುಗಾರಿಕೆ ಮತ್ತೆ ಶುರುವಾಗಿ ಮೊದಲ ಬಂಗುಡೆ ಬಂದಿತ್ತು. ವಿಮಲಾ ಗಸಿ ಮಾಡಿದ್ದಳು.

"ಎಂತ ಬೂಬಣ್ಣ, ಮೂರನೇ ನಂಬರಂತೆ! ಸಂಘದಲ್ಲಿ ಎಲ್ಲರ ಬಾಯಲ್ಲೂ ಅದೇ."

"ತಲೆ ಬೇಕು ಮಾರಾಯ," ಎಂದ ಬೂಬಣ್ಣ, ಮುಳ್ಳು ಬಿಡಿಸುತ್ತ. "ಗಿರಾಕಿಯ ಮುಖ ನೋಡಿ ಕಿಸೆಯಲ್ಲಿ ಚಿಲ್ಲರೆ ಎಷ್ಟುಂಟು ಅಂತ ಹೇಳ್ತಿದ್ದವ ನಾನು. ಈ ಎಲೆ ಯಾವ ಲೆಕ್ಕ!"

"ಮಧ್ಯಾಹ್ನ ಆಡುದು ನಾನು, ಮುರಾರಿಯಣ್ಣ," ಎಂದು ವಿಮಲಾ ಅನ್ನ ಬಡಿಸುತ್ತಲೇ ಹೇಳಿದಳು.

ಬೂಬಣ್ಣ ಜೋರಾಗಿ ನಕ್ಕ. "ಇವಳು ಕೂರುದು ಅಷ್ಟೇ. ನಾನು ಮಲಗಿದಾಗ ಜಾಗ ಕಾಯ್ಲಿಕ್ಕೆ ಯಾರಾದ್ರೂ ಬೇಕಲ್ಲ!"

ಮುರಾರಿಯೂ ನಕ್ಕ. ವಿಮಲಾಳಿಗೆ ಮೈಯೆಲ್ಲ ಉರಿಯಿತು. ಅನ್ನದ ಸೌಟನ್ನು ಪಾತ್ರೆಯಲ್ಲಿ ಎಸೆದು ಒಳಗೆ ಹೋದಳು. ಮುರಾರಿ ಹೋದ ಮೇಲೆ ತಟ್ಟೆ ಎತ್ತಲು ಕೂಡ ಬರಲಿಲ್ಲ.

"ಜಾಗ ಕಾಯುದಾ ನಾನು?" ಎಂದಳು ಅಡುಗೆಮನೆಯಿಂದಲೇ. "ನಿಮ್ಮ ಬೆಳಗ್ಗಿನ ಆಟ ನಾನು ನೋಡುದಿಲ್ಲ ಅಂತ ಎಣಿಸಿದ್ದೀರಾ? ಹತ್ತೂವರೆಗೆ ನನ್ನ ಕೈಗೆ ಕೊಡುವಾಗ ಎಷ್ಟು ಇಳಿದಿರ್ತದೆ? ನಾನು ಎತ್ತಿ ಎತ್ತಿ ಇಟ್ಟದ್ದನ್ನು ನೀವು ಚೆಲ್ಲುದು."

"ಇಳಿಯುದು ಜಯೇಶನ ಪಾಳಿಯಲ್ಲಿ. ಅವ ನಿದ್ದೆಯಲ್ಲಿ ಆಡುದು."

ಮಂಚದ ಮೇಲೆ ಮಲಗಿದ್ದ ಜಯೇಶ್ ಎದ್ದು ಕೂತ. "ನನ್ನನ್ನು ಯಾಕೆ ಎಳೀತೀರಿ? ಹತ್ತು ಗಂಟೆ ನಿಂತು ಬರ್ತೇನೆ, ಅದರ ಮೇಲೆ ನಿಮ್ಮ ಈ ಡ್ಯೂಟಿ. ಏಕ್ ಪೈಸಾ ಮಿಲ್ತಾ ಹೈ ಕ್ಯಾ?"

"ಗಲ್ಲಾ ಅಂದ ಮೇಲೆ ಎಲ್ಲರೂ ಕೂರ್ಬೇಕು."

"ಹೌದು. ಕಡಿಮೆ ಬಿದ್ರೆ ಕೂತವರ ತಪ್ಪು, ಜಾಸ್ತಿ ಬಂದ್ರೆ ನಿಮ್ಮ ಹೆಸರು," ಎಂದಳು ವಿಮಲಾ. "ಅದೇ ಅಲ್ವಾ ನಿಮ್ಮ ಹೋಟೆಲಿನ ಕಾನೂನು?"

"ಅದೇ. ಎಂತ ಈಗ?"

ನಿಶ್ಮಿತಾ ಮೂಲೆಯಲ್ಲಿ ಕೂತು ಅದೇ ಆಟದ ನಿಯಮಗಳನ್ನು ತನ್ನ ಫೋನಿನಲ್ಲಿ ಓದುತ್ತಿದ್ದಳು. "ಪಪ್ಪಾ, ಹೋಟೆಲಿನ ಕಾನೂನು ಬಿಡಿ, ಇವರ ಕಾನೂನು ಕೇಳಿ," ಎಂದಳು. "ಒಬ್ಬರಿಗೆ ಒಂದೇ ಅಕೌಂಟ್. ಯಾರ ಅಕೌಂಟೋ ಅವರೇ ಆಡ್ಬೇಕು, ಇನ್ನೊಬ್ಬರ ಕೈಗೆ ಕೊಡಬಾರದು. ಮತ್ತೆ ಬಾಟ್ ಇಟ್ಟು ಆಡಿಸಬಾರದು. ಬಾಟ್ ಅಂದ್ರೆ ಮನುಷ್ಯರ ಬದಲು ತಾನೇ ಆಡುವ ಮೆಷಿನ್. ನಮ್ಮ ಆಫೀಸಿನಲ್ಲಿ ಪಕ್ಕದ ಟೀಮಿನವರಿಗೆ ಇದೇ ಕೆಲಸ. ಇಡೀ ದಿನ ನಿಲ್ಲದೆ ಆಡುವ ಅಕೌಂಟ್ ಕಂಡ್ರೆ ಮೊದಲು ಹಿಡಿಯುದು."

"ಹಿಡೀಲಿ. ಮನೆಯಲ್ಲಿ ಇದ್ದದ್ದು ಒಂದು ಫೋನು. ಗಲ್ಲಾದಲ್ಲಿ ಯಾರು ಕೂತಿದ್ದಾರೆ ಅಂತ ಯಾವ ಗಿರಾಕಿಯಾದ್ರೂ ಕೇಳಿದ್ದುಂಟಾ?"

"ನಿಮ್ಮ ಅಕೌಂಟ್ ನಿದ್ದೆ ಮಾಡುದು ಮೂರೇ ಗಂಟೆ, ಪಪ್ಪಾ. ಅದಕ್ಕಾದ್ರೂ ರಜೆ ಕೊಡಿ."

"ನೀನು ಬಾಯಿ ಮುಚ್ಚು. ಸ್ಕೂಟರ್ ಯಾರಿಗೆ ಬೇಕಾದ್ದು?"

ನಿಶ್ಮಿತಾ ಬಾಯಿ ಮುಚ್ಚಿದಳು. ಬೇಕಾದದ್ದು ಅವಳಿಗೇ ಆಗಿತ್ತು.

ಮೂರನೇ ವಾರದ ಗುರುವಾರ ಮಧ್ಯಾಹ್ನ ಎರಡೂಕಾಲಿಗೆ ಬೂಬ ಪೂಜಾರಿಯ ಹೆಸರು ಒಂದನೆಯ ಸ್ಥಾನಕ್ಕೆ ಬಂತು. ಬೂಬಣ್ಣ ಗೊರಕೆ ಹೊಡೆಯುತ್ತಿದ್ದ. ವಿಮಲಾ ಒಬ್ಬಳೇ ಪರದೆ ನೋಡುತ್ತ ಕೂತಳು. ಎಬ್ಬಿಸಿ ಹೇಳೋಣವೆಂದು ಎದ್ದವಳು, ಹೇಳಿದರೆ ಅದು ಅವನದಾಗುತ್ತದೆ ಎಂದು ಮತ್ತೆ ಕೂತಳು. ನಾಲ್ಕರವರೆಗೆ ಅದು ಅವಳೊಬ್ಬಳದೇ ಆಗಿತ್ತು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಬೂಬಣ್ಣ ಫೋನು ತೆರೆದರೆ ಎಲೆಗಳೇ ಇಲ್ಲ. ಬೂದು ಬಣ್ಣದ ಪರದೆಯ ಮೇಲೆ ನಾಲ್ಕು ಸಾಲು. ನಿಶ್ಮಿತಾಳನ್ನು ಎಬ್ಬಿಸಿ ಓದಿಸಿದರು. ಹದಿನೆಂಟು ದಿನಗಳಿಂದ ಈ ಖಾತೆ ದಿನಕ್ಕೆ ಇಪ್ಪತ್ತು ಗಂಟೆಗೂ ಹೆಚ್ಚು ಆಡಿದೆ. ಆಟದ ನಡುವೆ ನಾಲ್ಕು ನಿಮಿಷಕ್ಕಿಂತ ಹೆಚ್ಚಿನ ಬಿಡುವಿಲ್ಲ. ಇದು ಮನುಷ್ಯರ ಆಟವಲ್ಲ, ಯಂತ್ರದ ಆಟ ಎಂಬ ಅನುಮಾನವಿದೆ. ಖಾತೆಯನ್ನು ತಡೆಹಿಡಿಯಲಾಗಿದೆ, ಶನಿವಾರ ಹನ್ನೊಂದಕ್ಕೆ ವಿಡಿಯೊದಲ್ಲಿ ಖಾತೆದಾರರು ಹಾಜರಾಗಬೇಕು.

"ಯಂತ್ರವಾ? ನಾನು ಯಂತ್ರವಾ?" ಬೂಬಣ್ಣನ ಕೂಗಿಗೆ ಕೆಳಗಿನ ಮಾಳಿಗೆಯವರು ಬಾಲ್ಕನಿಗೆ ಬಂದರು. "ಪ್ಯಾನ್ ಕಾರ್ಡ್ ಕೊಟ್ಟಿಲ್ವಾ? ಯಂತ್ರಕ್ಕೆ ಪ್ಯಾನ್ ಕಾರ್ಡ್ ಉಂಟಾ?"

"ಪಪ್ಪಾ, ಕೆಳಗೆ ಇನ್ನೂ ಒಂದು ಸಾಲುಂಟು," ಎಂದಳು ನಿಶ್ಮಿತಾ. "ಮನೆಯ ಬೇರೆಯವರು ಆಡಿದ್ದರೆ ನಾಳೆಯೇ ಒಪ್ಪಿಕೊಳ್ಳಿ, ಮೊದಲ ಲೀಗ್ ಆದದ್ದರಿಂದ ಒಂದು ಸಲ ಮಾಫಿ ಅಂತೆ. ಯಾರು ಯಾವ ಹೊತ್ತಿಗೆ ಆಡಿದ್ದಾರೋ ಆ ಪಾಯಿಂಟನ್ನು ಅವರ ಹೆಸರಿಗೆ ಬೇರೆ ಮಾಡಿ ಕೊಡ್ತಾರೆ. ಅಮ್ಮನಿಗೂ ಪ್ಯಾನ್ ಕಾರ್ಡ್ ಉಂಟು, ಬ್ಯಾಂಕಿಗೆ ಅಂತ ನಾನೇ ಮಾಡಿಸಿದ್ದು. ಸಚ್ ಬೋಲ್ ದೋ, ನಿಜ ಹೇಳಿದ್ರೆ ಆಯ್ತು."

"ನನ್ನ ಹೆಸರು ಹೇಳ್ಬೇಡಿ," ಎಂದ ಜಯೇಶ್, ಹಾಸಿಗೆಯಿಂದ ತಲೆ ಎತ್ತದೆ. "ನನಗೆ ಪಾಯಿಂಟೂ ಬೇಡ, ಈ ಲಫಡಾದ ತಂಟೆಯೂ ಬೇಡ."

ಬೂಬಣ್ಣ ಏನೂ ಹೇಳಲಿಲ್ಲ. ಒಪ್ಪಿದ ಎಂದು ವಿಮಲಾ ಎಣಿಸಿದಳು. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಅವನ ಮೌನವನ್ನು ಒಪ್ಪಿಗೆ ಎಂದುಕೊಂಡು ಅವಳು ಎಷ್ಟು ಸಲ ಮೋಸ ಹೋಗಿದ್ದಳೋ!

ಶನಿವಾರ ನಿಶ್ಮಿತಾ ರಜೆ ಹಾಕಿ ತನ್ನ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು. ಬೂಬಣ್ಣ ಇಸ್ತ್ರಿ ಅಂಗಿ ಹಾಕಿ ಕೂತ. ವಿಮಲಾ ಅಡುಗೆಮನೆಯ ಬಾಗಿಲಲ್ಲಿ, ಕ್ಯಾಮೆರಾಕ್ಕೆ ಕಾಣದ ಹಾಗೆ ನಿಂತಳು. ಹೊಸ ಸೀರೆ ಉಟ್ಟಿದ್ದಳು, ಯಾಕೆ ಎಂದು ಯಾರೂ ಕೇಳಲಿಲ್ಲ.

ಪರದೆಯಲ್ಲಿ ಆಟದ ಕಂಪನಿಯ ಮೂವತ್ತರ ಒಬ್ಬ ಯುವಕ ಕಾಣಿಸಿಕೊಂಡ. ಹಿಂದಿಯಲ್ಲಿ ಶುರು ಮಾಡಿ, ಹೆಸರು ಓದಿ, ಕನ್ನಡಕ್ಕೆ ತಿರುಗಿದ.

"ಕನ್ನಡದವರೇನ್ರಿ? ನಾ ಜೈಭೀಮ ಅಂತ, ನಮ್ದು ಕಲಬುರಗಿ. ನಮ್ಮಪ್ಪ ಇಲ್ಲೇ ಐರೋಲಿ ಕಟ್ಟೂಮುಂದ ಇಟ್ಟಂಗಿ ಹೊತ್ತಾನ. ಸಿಟ್ಟಿಗೇಳಬ್ಯಾಡ್ರಿ ಕಾಕಾ, ಇದು ನನ್ನ ಕೆಲಸ ಅದ. ಪರೀಕ್ಷಾಕಂತ ನಿಮ್ಮ ಫೋನಿನ್ಯಾಗ ಆಟ ತೆರದೀನಿ, ಒಂದು ಹತ್ತು ಆಟ ನನ್ನ ಮುಂದ ಆಡಿ ತೋರಸ್ರಿ."

ಬೂಬಣ್ಣ ಆಡಿದ. ಹತ್ತರಲ್ಲಿ ಎಂಟು ಸೋತ. ಕೈಗೆ ಬಂದ ಜೋಕರನ್ನೇ ಒಂದು ಸಲ ಬಿಸಾಡಿದ. ಜೈಭೀಮ ತಲೆ ಕೆಳಗೆ ಹಾಕಿ ನಗು ತಡೆದ.

"ಕಾಕಾ, ನೀವು ಮಷೀನ್ ಅಲ್ಲ ಅಂಬೂದು ಖಾತ್ರಿ ಆಯ್ತು. ಮಷೀನ್ ಹಿಂಗ ಆಡಂಗಿಲ್ಲ. ಆದ್ರ ತಾಸಿನ ಲೆಕ್ಕ ನನ್ನ ಮುಂದ ಅದ. ಮುಂಜಾನಿ ಸೋಲು, ಸಂಜಿಕಿ ಸೋಲು, ರಾತ್ರಿ ಸೋಲು. ಹತ್ತೂವರಿಯಿಂದ ನಾಕರ ತನಕ ಬರೀ ಗೆಲುವು. ಆ ಹೊತ್ತಿನ ಪಾಯಿಂಟ್ ಒಂದ ತಗೊಂಡ್ರೂ ಜಿಲ್ಲಾಕ್ಕ ಫಸ್ಟ್ ಅದಾವ. ಮಧ್ಯಾಹ್ನ ಯಾರು ಆಡ್ತಾರ್ರಿ?"

"ನಾನೇ," ಎಂದ ಬೂಬಣ್ಣ.

"ಮನ್ಯಾಗ ಬ್ಯಾರೆ ಯಾರರ ಕುಂದರ್ತಾರೇನು? ಹೇಳ್ರಿ, ಮಾಫಿ ಅದ. ಅವರ ಹೆಸರೀಗಿ ಆ ಪಾಯಿಂಟ್ ಹೋಗ್ತಾವ, ಸ್ಕೂಟರ್ ನಿಮ್ಮ ಮನೀಗೇ ಬರ್ತದ."

"ಯಾರೂ ಇಲ್ಲ. ನನ್ನ ಹೆಂಡತಿಗೆ ಎಕ್ಕ ಯಾವುದು ಗುಲಾಮ ಯಾವುದು ಅಂತ ಗೊತ್ತಿಲ್ಲ."

ವಿಮಲಾ ಬಾಗಿಲಿನಿಂದ ನೇರವಾಗಿ ಬಂದು ಗಂಡನ ಕುರ್ಚಿಯ ಪಕ್ಕ ನಿಂತಳು. "ನಾನು ಆಡಿದ್ದು," ಎಂದಳು. "ಹತ್ತೂವರೆಯಿಂದ ನಾಲ್ಕು ಗಂಟೆ ನನ್ನದು."

"ಒಳಗೆ ಹೋಗು!"

"ಹೋಗುದಿಲ್ಲ. ಮಗಾ, ಒಂದು ಆಟ ಹಾಕು ನೋಡುವ," ಎಂದಳು ಪರದೆಯ ಯುವಕನಿಗೆ.

ಬೂಬಣ್ಣ ಕೈ ಅಡ್ಡ ಹಿಡಿಯುವ ಮೊದಲೇ ನಿಶ್ಮಿತಾ ಫೋನನ್ನು ತೆಗೆದು ಅಮ್ಮನ ಕೈಗಿಟ್ಟಳು. ವಿಮಲಾ ನಿಂತುಕೊಂಡೇ ಆಡಿದಳು. ಎರಡು ನಿಮಿಷ ಕೂಡ ಆಗಲಿಲ್ಲ, ಆಟ ಮುಗಿದು ಅವಳ ಎಲೆಗಳು ಸಾಲಾಗಿ ತೆರೆದುಕೊಂಡವು.

ಜೈಭೀಮ ಪರದೆಯೊಳಗಿಂದಲೇ ಕೈ ಮುಗಿದ. "ಅವ್ವಾರ, ಶರಣ್ರಿ," ಎಂದ. "ನನಗ ತಿಳೀತು. ಆದ್ರ ನಾ ತಿಳಕೊಂಡ್ರ ಸಾಲದು. ಖಾತಿ ಕಾಕಾಂದು, ಕಾಕಾ ಒಪ್ಪಬೇಕು. ಈಗ ಅವರ ನಂಬರಿಗಿ ಒಂದು ಓಟಿಪಿ ಕಳಸ್ತೀನಿ, ಆರು ಅಂಕಿ. ಅದನ್ನ ಓದಿ ಹೇಳಿದ್ರ ಆಯ್ತು. ಹತ್ತು ನಿಮಿಷ ಟೈಮ್ ಅದ. ಆಮ್ಯಾಗ ನನ್ನ ಕೈಯಾಗ ಏನೂ ಇರಂಗಿಲ್ಲ."

ಬೂಬಣ್ಣ ಹೆಂಡತಿಯ ಕೈಯಿಂದ ಫೋನು ಕಿತ್ತುಕೊಂಡ. ಅದು ಕುಂಯ್ಗುಟ್ಟಿತು. ಅವನು ಓದಿದ. ಓದಿ ಅಂಗಿಯ ಕಿಸೆಗೆ ಹಾಕಿಕೊಂಡ.

"ಪಪ್ಪಾ, ನಂಬರ್ ಹೇಳಿ," ಎಂದಳು ನಿಶ್ಮಿತಾ.

"ಸಂಘದಲ್ಲಿ ನಾನು ಯಾವ ಮುಖ ಹೊತ್ತು ಹೋಗುದು? ಹೆಂಡತಿ ಆಡಿದ್ದನ್ನು ತನ್ನದು ಅಂತ ಹೇಳ್ಕೊಂಡು ತಿರುಗಿದ ಅಂತ ಮುರಾರಿ ಊರಿಗೆಲ್ಲ ಡಂಗುರ ಹೊಡೀತಾನೆ."

"ಆಡಿದ್ದು ಹೌದಲ್ಲ!" ಎಂದಳು ವಿಮಲಾ. "ಹೇಳ್ಕೊಂಡು ತಿರುಗಿದ್ದೂ ಹೌದಲ್ಲ!"

"ಗಲ್ಲಾ ನನ್ನದು."

"ಗಲ್ಲಾ ನೀವೇ ಇಟ್ಕೊಳ್ಳಿ, ನನಗೆ ಬೇಡ. ಮಗಳಿಗೆ ಸ್ಕೂಟರ್ ಕೊಡಿ. ಅವಳ ಮೊಣಕಾಲು ನೋಡಿದ್ದೀರಾ? ಒಂದು ಸಲವಾದ್ರೂ ಬಗ್ಗಿ ನೋಡಿದ್ದೀರಾ?"

"ಕಾಕಾ, ಆರು ನಿಮಿಷ ಉಳದಾವ," ಎಂದ ಜೈಭೀಮ. "ನೀವು ಒಪ್ಪಲಿಲ್ಲಂದ್ರ ನಾ ಮಧ್ಯಾಹ್ನ ಮಷೀನ್ ಆಡಿತು ಅಂತ ಬರೀಬೇಕಾಗ್ತದ. ಖಾತಿ ಕಾಯಂ ಬಂದ್. ನಿಮ್ಮ ಪ್ಯಾನ್ ಮ್ಯಾಲ ಮುಂದ ಎಂದೂ ಆಡಾಕ ಬರಂಗಿಲ್ಲ. ಪಟ್ಟಿಯಾಗ ಹೆಸರಿನ ಮುಂದ ಹಂಗೇ ಬರ್ತದ, ಎಲ್ಲಾರಿಗೂ ಕಾಣ್ತದ."

"ಬರೀರಿ."

"ಕಾಕಾ..."

"ಮೆಷಿನ್ ಅಂತಲೇ ಬರೀರಿ!"

ವಿಮಲಾ ಗಂಡನ ಕಿಸೆಗೆ ಕೈ ಹಾಕಿದಳು. ಅವನು ಅವಳ ಮಣಿಕಟ್ಟು ಹಿಡಿದು ತಿರುಚಿದ, ಬಳೆಯೊಂದು ಒಡೆದು ಕೆಳಗೆ ಬಿತ್ತು. ನಿಶ್ಮಿತಾ ನಡುವೆ ನುಗ್ಗಿ, "ಛೋಡೋ ಉಸ್ಕೋ!" ಎಂದು ಚೀರಿದಳು. ಜಯೇಶ್ ಹಾಸಿಗೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತ, ನಿಂತೇ ಇದ್ದ. ಜೈಭೀಮ ಪರದೆಯೊಳಗೆ, "ಬಿಡ್ರಿ ಅವ್ವಾರ, ಬಿಡ್ರಿ, ಹೋಗ್ಲಿ," ಎನ್ನುತ್ತಿದ್ದ. ಹತ್ತು ನಿಮಿಷ ಮುಗಿದಾಗ ಬೂಬಣ್ಣ ಕಿಸೆಯ ಮೇಲೆ ಅಂಗೈ ಒತ್ತಿಕೊಂಡು ಕೂತಿದ್ದ. ಪರದೆ ಕಪ್ಪಾಯಿತು.

"ಊಟಕ್ಕೆ ಬಡಿಸು," ಎಂದ.

"ಮೆಷಿನ್ ಹತ್ರ ಹೇಳಿ," ಎಂದಳು ವಿಮಲಾ. ಒಡೆದ ಬಳೆಯ ಚೂರುಗಳನ್ನು ಹೆಕ್ಕಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ಆ ದಿನ ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಲೀಗ್ ಮುಗಿದ ದಿನ ಪಟ್ಟಿ ಬಂತು. ಮೊದಲ ಸ್ಥಾನ ಕಲ್ಯಾಣದ ಯಾರಿಗೋ ಹೋಯಿತು. ಎಲ್ಲಕ್ಕಿಂತ ಕೆಳಗೆ, ಕೆಂಪು ಅಕ್ಷರದಲ್ಲಿ, 'ಬೂಬ ಪೂಜಾರಿ, ಠಾಣೆ: ಯಂತ್ರದ ಆಟ, ಅನರ್ಹ' ಎಂದಿತ್ತು. ಹೆಂಡತಿ ಗೆದ್ದಳೆಂದರೆ ಮುರಾರಿ ಎರಡು ದಿನ ನಗುತ್ತಿದ್ದನೋ ಏನೋ. ಈಗ ಸಂಘದ ಗಣಪತಿಯ ದಿನ ಬೂಬಣ್ಣ ಪೆಂಡಾಲಿಗೆ ಕಾಲಿಟ್ಟ ಕೂಡಲೇ, "ಬಂತು ನೋಡಿ ರೋಬೋಟು! ಇದಕ್ಕೆ ಪ್ರಸಾದ ಕೊಡುದಾ, ಕರೆಂಟ್ ಕೊಡುದಾ?" ಎಂದು ಇಡೀ ಸಂಘವೇ ಬಿದ್ದು ಬಿದ್ದು ನಕ್ಕಿತು. ಬೂಬಣ್ಣ ಆರತಿಗೂ ನಿಲ್ಲದೆ ಮನೆಗೆ ಬಂದ. ಆಮೇಲೆ ಆ ಕಡೆ ಹೋಗಲಿಲ್ಲ.

ಗಣಪತಿ ಮುಳುಗಿಸಿದ ಮರುವಾರ ನಿಶ್ಮಿತಾ ಬಟ್ಟೆ ಕಟ್ಟಿಕೊಂಡಳು. ಐರೋಲಿಯಲ್ಲಿ ಅವಳ ಜೊತೆ ಕೆಲಸ ಮಾಡುವ ಶ್ರದ್ಧಾ ಒಂದು ಕೋಣೆ ಹಿಡಿದಿದ್ದಳು. ಆಫೀಸಿಗೆ ನಡೆದೇ ಹೋಗಬಹುದು.

"ಮದುವೆಯಾಗದ ಹುಡುಗಿ ಹೊರಗೆ ಕೋಣೆ ಮಾಡುದಾ?" ಎಂದ ಬೂಬಣ್ಣ. "ಜನ ಎಂತ ಹೇಳ್ತಾರೆ?"

"ನಿಮಗೆ ಜನ ಹೇಳಿದ್ದೇ ಬೇಕಾದ್ದು ಪಪ್ಪಾ," ಎಂದಳು ಅವಳು. "ನಾನು ಬಸ್ಸಿನ ಅಡಿಗೆ ಬಿದ್ರೆ ಅವರೇ ಬಂದು ಎತ್ತಲಿ."

ವಿಮಲಾ ತಡೆಯಲಿಲ್ಲ. ಒಂದು ಡಬ್ಬಿಯಲ್ಲಿ ಒಣ ಸಿಗಡಿ ಚಟ್ನಿ ತುಂಬಿ ಚೀಲದಲ್ಲಿಟ್ಟಳು. ಮಗಳು ಮೆಟ್ಟಿಲಿಳಿಯುವುದನ್ನು ಬಾಲ್ಕನಿಯಿಂದ ನೋಡಿ ಅತ್ತಳು. ಮೂರು ದಿನ ಮೂರು ತಟ್ಟೆ ಇಡುವಲ್ಲಿ ನಾಲ್ಕು ಇಟ್ಟು ಒಂದನ್ನು ವಾಪಸು ತೆಗೆದಳು.

ದಸರೆಗೆ ನಿಶ್ಮಿತಾ ಬಂದಾಗ ಅಮ್ಮನಿಗೆ ಒಂದು ಫೋನು ತಂದಳು. ಅಮ್ಮನ ಪ್ಯಾನ್ ಕಾರ್ಡ್ ಹಾಕಿ, ಅಮ್ಮನ ಹೆಸರಲ್ಲಿ, ಒಂದೇ ಒಂದು ಖಾತೆ ಮಾಡಿಕೊಟ್ಟಳು. ವಿಮಲಾ ದಿನಕ್ಕೆ ಎರಡು ಗಂಟೆ ಆಡುತ್ತಿದ್ದಳು, ಅದಕ್ಕಿಂತ ಹೆಚ್ಚಿಲ್ಲ. ಆಗ ಬೂಬಣ್ಣ ಪೇಪರು ಹಿಡಿದು ಅವಳ ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದ. ಪೇಪರು ತಿಂಗಳ ಹಿಂದಿನದಾದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಕಣ್ಣೆಲ್ಲ ಅವಳ ಹೆಗಲ ಮೇಲಿಂದ ಪರದೆಯಲ್ಲೇ ಇರುತ್ತಿತ್ತು. ಇಬ್ಬರ ನಡುವೆ ಊಟಕ್ಕೆ, ಔಷಧಿಗೆ, ಹಾಲಿನವನಿಗೆ ಬೇಕಾದಷ್ಟೇ ಮಾತು.

ಒಂದು ದಿನ ಹನ್ನೊಂದೂವರೆಯ ಹೊತ್ತಿಗೆ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ವಿಮಲಾಳ ಕೈಗೆ ಬೇಕಾಗಿದ್ದ ಆಟೀನು ರಾಣಿ ಬಂತು. ಹದಿಮೂರು ಎಲೆಗಳೂ ಕೂಡಿ ಬಂದವು. ಇನ್ನು ಬೇಡದ ಒಂದು ಎಲೆ ಎಸೆದು ಡಿಕ್ಲೇರ್ ಒತ್ತಿದರೆ ಆಟ ಅವಳದು. ಅಷ್ಟರಲ್ಲಿ ಗಂಜಿ ಉಕ್ಕುವ ಸದ್ದಾಯಿತು.

"ನೀನು ಹೋಗು," ಎಂದು ಬೂಬಣ್ಣ ಪೇಪರು ಬಿಸಾಡಿ ಕೈ ಚಾಚಿದ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಜೀವ ಬಂದಿತ್ತು. "ಒಲೆ ನೋಡು ನೀನು. ಇಲ್ಲಿ ನಾನು ಕೂರ್ತೇನೆ."

ವಿಮಲಾ ಅವನ ಚಾಚಿದ ಕೈ ನೋಡಿದಳು. ಪರದೆ ನೋಡಿದಳು. ಮೂವತ್ತು ಸೆಕೆಂಡಿನ ಲೆಕ್ಕ ಇಳಿಯುತ್ತಿತ್ತು.

"ಮುಟ್ಟಬೇಡಿ," ಎಂದಳು. "ಇನ್ನೊಬ್ಬರು ಮುಟ್ಟಿದ್ರೆ ಬಂದ್ ಮಾಡ್ತಾರೆ. ಅವರ ಕಾನೂನು."

ಫೋನನ್ನು ಮೇಜಿನ ಮೇಲೆ, ಪರದೆ ಮೇಲಾಗಿ, ಅವನಿಗೆ ಸರಿಯಾಗಿ ಕಾಣುವ ಹಾಗೆ ಇಟ್ಟು ಎದ್ದು ಹೋದಳು.

"ವಿಮಲಾ! ಆಟ ಆಗಿದೆ! ಒಂದು ಒತ್ತಿದ್ರೆ ಸಾಕು!"

ಅವಳು ಒಲೆ ಸಣ್ಣ ಮಾಡಿ, ಸೌಟು ತೆಗೆದುಕೊಂಡು ಗಂಜಿ ತಿರುವಿದಳು.

"ಹದಿನೈದು! ಬಾ ಮಾರಾಯ್ತಿ, ಹದಿನೈದೇ ಉಳಿದದ್ದು!"

ಉಪ್ಪು ಹಾಕಿದಳು. ಉಪ್ಪಿನಕಾಯಿಯ ಭರಣಿ ಇಳಿಸಿದಳು. ಹೊರಗೆ ಬೂಬಣ್ಣ ಕುರ್ಚಿಯ ತುದಿಗೆ ಸರಿದು, ಬೆರಳನ್ನು ಗಾಜಿನ ಮೇಲೆ ಒಂದು ಕೂದಲಿನಷ್ಟು ಎತ್ತರದಲ್ಲಿ ಹಿಡಿದುಕೊಂಡಿದ್ದ. ಐದು, ನಾಲ್ಕು, ಮೂರು ಎಂದು ಅವನೇ ಗಟ್ಟಿಯಾಗಿ ಎಣಿಸುವುದು ಅಡುಗೆಮನೆಗೆ ಕೇಳುತ್ತಿತ್ತು. ಸೊನ್ನೆಯಾಯಿತು, ಬೆರಳು ಗಾಜಿಗೆ ತಾಗಲಿಲ್ಲ.

ವಿಮಲಾ ಎರಡು ತಟ್ಟೆಗೆ ಗಂಜಿ ಬಡಿಸಿದಳು.

"ಏಳಿ," ಎಂದಳು. "ಗಂಜಿ ಆರ್ತದೆ."